ಎರಡು ಸೆಲ್ಲಿನ ಆಯುಸ್ಸು

ಭೂಗೋಳ ಪಾಠ ಹೇಳಿ ಹೊಟ್ಟೆ ಹೊರೆಯುವ ನನಗೆ ದಾರಿ ತಿಳಿಯುವುದಿಲ್ಲ. ಇದನ್ನು ಮೊದಲೇ ಒಪ್ಪಿಕೊಂಡುಬಿಟ್ಟರೆ ಮುಂದಿನದನ್ನು ಹೇಳುವುದು ಸುಲಭ. ತರಗತಿಯಲ್ಲಿ ಕರಿಹಲಗೆಯ ಮೇಲೆ ಆಫ್ರಿಕಾ ಖಂಡವನ್ನು ಪುಸ್ತಕ ನೋಡದೆ ಬರೆಯಬಲ್ಲೆ. ನೈಲ್ ನದಿ ಎಲ್ಲಿ ಹುಟ್ಟಿ ಎಲ್ಲಿ ಸಮುದ್ರ ಸೇರುತ್ತದೆಂದು ನಿದ್ದೆಗಣ್ಣಲ್ಲೂ ಹೇಳಬಲ್ಲೆ. ಆದರೆ ನಮ್ಮ ಚಾಮರಾಜನಗರದ ಸಂತೆಗೆ ಹೋದರೆ ಒಳಗೆ ಬಂದ ದಾರಿ ಯಾವುದು, ಹೊರಗೆ ಹೋಗಬೇಕಾದ ದಾರಿ ಯಾವುದು ಎಂದು ಗೊಂದಲವಾಗಿ, ಅದೇ ಸೊಪ್ಪಿನವಳ ಮುಂದೆ ಮತ್ತೆ ಮತ್ತೆ ಪ್ರತ್ಯಕ್ಷನಾಗುತ್ತೇನೆ. ಈ ಮೇಷ್ಟ್ರಿಗೆ ಸೊಪ್ಪೆಂದರೆ ಪ್ರಾಣ ಎಂದು ಅವಳು ತಿಳಿದಿದ್ದಾಳೆ. ಹಾಗಾಗಿ ನಮ್ಮ ಮನೆಯಲ್ಲಿ ವಾರಕ್ಕೆ ಮೂರು ದಿನ ಸೊಪ್ಪಿನ ಸಾರು.

ಇಂಥವನ ಕೈಗೆ ಕಾಲೇಜಿನ ಸಹೋದ್ಯೋಗಿಯೊಬ್ಬರು ಒಂದು ಯಂತ್ರ ಕೊಟ್ಟರು. ಅವರು ಪಾಠ ಮಾಡುವುದು ಭೌತಶಾಸ್ತ್ರ, ಅವರ ಹುಚ್ಚು ಬೆಟ್ಟ ಹತ್ತುವುದು. ಯಂತ್ರ ಅಂಗೈಯಲ್ಲಿ ಹಿಡಿಯುವಷ್ಟಿದೆ. ಆಕಾಶದಲ್ಲಿ ತಿರುಗುವ ಉಪಗ್ರಹಗಳನ್ನು ಕೇಳಿ, ನಾವೆಲ್ಲಿದ್ದೇವೆ, ಯಾವ ಕಡೆಗೆ ಹೋಗಬೇಕು ಎಂದು ಪುಟ್ಟ ಪರದೆಯ ಮೇಲೆ ಬಾಣದ ಗುರುತು ತೋರಿಸುತ್ತದೆ. ಇದೆಲ್ಲ ಫೋನಿನಲ್ಲೇ ಇದೆಯಲ್ಲ ಎನ್ನಬೇಡಿ. ನನ್ನ ಫೋನಿಗೆ ವಯಸ್ಸಾಗಿದೆ, ಮಧ್ಯಾಹ್ನದ ಊಟದ ಹೊತ್ತಿಗೆ ಅದೂ ನನ್ನಂತೆಯೇ ಕಣ್ಣು ಮುಚ್ಚುತ್ತದೆ. ಬಂಡೀಪುರದ ಕಡೆ ಹೋದರೆ ಸಿಗ್ನಲ್ಲೂ ನೆಚ್ಚುವಂತಿಲ್ಲ. ಈ ಯಂತ್ರಕ್ಕೆ ಆ ರಗಳೆಯೇ ಇಲ್ಲ, ಎರಡು ಪೆನ್ಸಿಲ್ ಸೆಲ್ ಹಾಕಿದರೆ ಸಾಕು. "ಒಂದು ದಿನಕ್ಕೆ ಧಾರಾಳವಾಗಿ ಬರುತ್ತೆ ಸಾರ್" ಎಂದು ಸಹೋದ್ಯೋಗಿ ಭರವಸೆ ಕೊಟ್ಟರು. ಯಾರ ದಿನ ಎಂದು ನಾನು ಕೇಳಬೇಕಿತ್ತು. ಬೆಟ್ಟ ಹತ್ತುವವರ ದಿನವೇ ಬೇರೆ, ಮಗಳ ಮದುವೆಯ ಪತ್ರಿಕೆ ಹಂಚುವವರ ದಿನವೇ ಬೇರೆ.

ನಮ್ಮ ಕಡೆ ಪತ್ರಿಕೆಯನ್ನು ಫೋನಿನಲ್ಲಿ ಕಳಿಸಿದರೆ ಅದು ಸುದ್ದಿಯಾಗುತ್ತದೆ, ಕರೆಯಾಗುವುದಿಲ್ಲ. ಗಂಡ ಹೆಂಡತಿ ಜೊತೆಯಾಗಿ ಮನೆ ಬಾಗಿಲಿಗೆ ಹೋಗಬೇಕು. ಕೂರಬೇಕು. ಕೊಟ್ಟದ್ದನ್ನು ತಿನ್ನಬೇಕು. ಮನೆಯ ಅಷ್ಟೂ ಜನರ ಸಕ್ಕರೆ ಕಾಯಿಲೆ, ಬಿಪಿ, ಸೊಂಟನೋವುಗಳನ್ನು ಹೆಸರು ಹಿಡಿದು ವಿಚಾರಿಸಬೇಕು. ಇಷ್ಟಾದ ಮೇಲೆ ಹೆಂಗಸು ಎದ್ದು ಕುಂಕುಮ ಕೊಟ್ಟು ಪತ್ರಿಕೆಯನ್ನು ಕೈಗಿಡುತ್ತಾಳೆ. ಗಂಡಸು ಪಕ್ಕದಲ್ಲಿ ನಿಂತು, "ಮನೆಗೆ ಬೀಗ ಹಾಕ್ಕೊಂಡು ಎಲ್ಲಾರೂ ಬರಬೇಕು" ಎಂದು ಕೈ ಮುಗಿಯುತ್ತಾನೆ. ಆಗ ಅದು ಕರೆ.

ಇದಕ್ಕೊಂದು ಸರದಿಯೂ ಉಂಟು. ಮೊದಲ ಪತ್ರಿಕೆ ಮನೆದೇವರಿಗೆ. ಅದರ ಹಿಂದೆಯೇ ಹೆಣ್ಣಿನ ಸೋದರಮಾವನಿಗೆ. ಧಾರೆಯ ಹೊತ್ತಿಗೆ ಹೆಣ್ಣನ್ನು ಎತ್ತಿಕೊಂಡು ಮಂಟಪಕ್ಕೆ ತರುವವನು ಅವನು. ಅವನ ಕೈ ಸೇರುವ ತನಕ ಇನ್ನೊಬ್ಬರಿಗೆ ಪತ್ರಿಕೆ ಕೊಡುವಂತಿಲ್ಲ. ನಮ್ಮ ದೊಡ್ಡಪ್ಪನ ಮನೆಯಲ್ಲಿ ಒಮ್ಮೆ ಈ ಸರದಿ ತಪ್ಪಿತ್ತು. ಸೋದರಮಾವ ಮದುವೆಗೇನೋ ಬಂದ. ಬಂದವನು ಊಟದ ಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕುಳಿತ. ಮಂಟಪಕ್ಕೆ ಕರೆದರೆ, "ಊರೋರ್ನೆಲ್ಲ ಕರುದ್ಬುಟ್ಟು ಕೊನೇಲಿ ನಮ್ಮುನ್ನ ಕರುದ್ರಲ್ಲ, ಊರೋರೇ ಎತ್ಕಳ್ಳಿ" ಎಂದ. ಹುಡುಗಿ ತಲೆ ತಗ್ಗಿಸಿ ನಡೆದುಕೊಂಡೇ ಮಂಟಪಕ್ಕೆ ಬಂದಳು. ಈಗ ಅವಳ ಮಗನೇ ನನ್ನ ತರಗತಿಯಲ್ಲಿ ಕೂರುತ್ತಾನೆ, ಆ ಎರಡು ಮನೆಗಳು ಇನ್ನೂ ಮಾತಾಡುವುದಿಲ್ಲ.

ನನ್ನ ಮಗಳು ಚೈತ್ರಳಿಗೆ ಇರುವುದು ಒಬ್ಬರೇ ಸೋದರಮಾವ, ನನ್ನ ಹೆಂಡತಿ ಮಂಗಳಳ ಅಣ್ಣ ಮಲ್ಲಪ್ಪ. ನಾನವರನ್ನು ಭಾವ ಎನ್ನುತ್ತೇನೆ. ಮಂಗಳಳ ತಂದೆ ತಾಯಿ ತೀರಿಕೊಂಡ ಮೇಲೆ ಅವಳ ತವರೆಂದರೆ ಅವರೊಬ್ಬರೇ. ಗುಂಡ್ಲುಪೇಟೆ ದಾಟಿ ಬಂಡೀಪುರದ ಕಡೆಗೆ ಹೋಗುವಾಗ, ಹೆದ್ದಾರಿಯಿಂದ ಒಳಗೆ ಅವರು ಈಚೆಗೆ ಕೊಂಡ ಜಮೀನು. ಹೋದ ವರ್ಷ ಅಲ್ಲೇ ಹೊಸ ಮನೆ ಕಟ್ಟಿಸಿದರು. ಗೃಹಪ್ರವೇಶಕ್ಕೆ ನೆಂಟರ ಜೊತೆ ಬಸ್ಸಿನಲ್ಲಿ ಹೋಗಿ ಬಂದಿದ್ದೆವು. ಬಸ್ಸಿನಲ್ಲಿ ಮಂಗಳ ಹಾಡು ಹೇಳುತ್ತಿದ್ದಳು, ನಾನು ನಿದ್ದೆ ಮಾಡುತ್ತಿದ್ದೆ. ದಾರಿಯನ್ನು ಇಬ್ಬರೂ ನೋಡಿರಲಿಲ್ಲ.

ಹೊರಡುವ ಭಾನುವಾರ ಬೆಳಿಗ್ಗೆ ಯಂತ್ರದೊಳಗೆ ಊರುಗಳನ್ನೆಲ್ಲ ತುಂಬಿಸಿದೆ. ಅದು ತಾನಾಗಿಯೇ ಹತ್ತಿರದಿಂದ ದೂರಕ್ಕೆ ಅವುಗಳನ್ನು ಜೋಡಿಸಿಕೊಂಡಿತು. ಮೊದಲು ಚಂದಕವಾಡಿ, ಅಲ್ಲಿ ಮಂಗಳಳ ಚಿಕ್ಕವ್ವ. ಆಮೇಲೆ ತೆರಕಣಾಂಬಿ, ಅಲ್ಲಿ ಅವಳ ಸೋದರತ್ತೆ. ಕಟ್ಟಕಡೆಗೆ ಭಾವ. ಮಂಗಳ ಪರದೆಯನ್ನು ಇಣುಕಿ ನೋಡಿ, "ಇದೇನಿದು? ಮೊದ್ಲು ಅಣ್ಣನ ಮನೆಗೆ ಹೋಗನ, ಆಮೇಲೆ ಮಿಕ್ಕೋರು" ಎಂದಳು. ನಾನು ಪಾಠ ಶುರುಮಾಡಿದೆ. ಮೊದಲು ಗುಂಡ್ಲುಪೇಟೆಗೆ ಹೋಗಿ, ಹಿಂದಕ್ಕೆ ಬಂದು, ಮತ್ತೆ ಚಂದಕವಾಡಿಗೆ ಹೋದರೆ ಸುತ್ತು ಎಷ್ಟಾಗುತ್ತದೆ, ಪೆಟ್ರೋಲು ಎಷ್ಟು, ಅಷ್ಟು ಹೊತ್ತು ಸೆಲ್ ಬರುತ್ತದೆಯೇ? ಒಂದೇ ದಿನದಲ್ಲಿ ಎಲ್ಲ ಮುಗಿಯುವಾಗ ಹಿಂದೆ ಮುಂದೆ ಆದರೇನು? ಅವಳು ಒಮ್ಮೆ ನನ್ನನ್ನೂ ಒಮ್ಮೆ ಯಂತ್ರವನ್ನೂ ನೋಡಿ, "ನಿಮ್ಮಿಷ್ಟ ಬುಡಿ" ಎಂದು ಪತ್ರಿಕೆಯ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕುಳಿತಳು. ಹೆಂಡತಿ 'ನಿಮ್ಮಿಷ್ಟ' ಎಂದ ಕೂಡಲೇ ಬುದ್ಧಿ ಇರುವ ಗಂಡ ಕಾರನ್ನು ಅವಳ ಇಷ್ಟದ ಕಡೆಗೆ ತಿರುಗಿಸುತ್ತಾನೆ. ನಾನು ಬಾಣ ನೋಡಿಕೊಂಡು ಗೇರು ಹಾಕಿದೆ.

ಸಹೋದ್ಯೋಗಿ ಒಂದು ಎಚ್ಚರಿಕೆ ಹೇಳಿದ್ದರು. ಈ ಯಂತ್ರಕ್ಕೆ ಸದಾ ಆಕಾಶ ಕಾಣುತ್ತಿರಬೇಕು. ಸೂರಿನ ಕೆಳಗೆ ಒಯ್ದರೆ ಉಪಗ್ರಹಗಳು ಕಳೆದುಹೋಗಿ, ಅವನ್ನು ಹುಡುಕುವುದರಲ್ಲೇ ಸೆಲ್ಲಿನ ಅರ್ಧ ಆಯುಸ್ಸು ಮುಗಿಯುತ್ತದೆ. ಆರಿಸಿ ಮತ್ತೆ ಹಚ್ಚಿದರೂ ಅದೇ ಕಥೆ. ಸರಿ, ಚಂದಕವಾಡಿಯಲ್ಲಿ ಚಿಕ್ಕವ್ವನ ಮನೆ ಮುಂದೆ ಇಳಿದವನೇ ಅಂಗಳದ ಕಲ್ಲಿನ ಮೇಲೆ ಯಂತ್ರ ಇಟ್ಟು, ಪಕ್ಕದಲ್ಲಿ ಕಾವಲು ಕುಳಿತೆ.

"ಒಳಕ್ಕೆ ಬನ್ನಿ ಮೇಷ್ಟ್ರೆ" ಎಂದಳು ಚಿಕ್ಕವ್ವ.

"ಇದಕ್ಕೆ ಆಕಾಶ ಕಾಣ್ತಾ ಇರಬೇಕು ಚಿಕ್ಕವ್ವ."

"ಆಕಾಸ ಎಲ್ಲಿಗೋದದು? ನೀವ್ ಬಂದು ಕಾಪಿ ಕುಡೀರಿ." ನಾನು ಏಳಲಿಲ್ಲ. ಅವಳು ಉಪ್ಪಿಟ್ಟನ್ನೂ ಕಾಫಿಯನ್ನೂ ಅಂಗಳಕ್ಕೇ ತಂದಿಟ್ಟು, ಸಹಜವಾಗಿ ಕೇಳಿಬಿಟ್ಟಳು: "ಮಲ್ಲಪ್ಪಂಗೆ ಪತ್ರಿಕೆ ಕೊಟ್ರಾ?"

ನಾನು ತಲೆ ತಗ್ಗಿಸಿ ಯಂತ್ರದ ಗುಂಡಿಯನ್ನು ಸುಮ್ಮನೆ ಒತ್ತಿದೆ. ಮಂಗಳ ಚಿಕ್ಕವ್ವನ ತೋಳು ಹಿಡಿದು ಒಳಗೆ ಕರೆದುಕೊಂಡು ಹೋದಳು. ಒಳಗೆ ಬಹಳ ಹೊತ್ತು ಪಿಸುಮಾತು, ಆಮೇಲೆ ನಗು. ಹೊರಡುವಾಗ ನಾನು ಅಂಗಳದಿಂದಲೇ ಕೈ ಮುಗಿದು, ಬೀಗ ಹಾಕಿಕೊಂಡು ಬರಬೇಕೆಂಬ ಮಾತನ್ನು ಒಪ್ಪಿಸಿದೆ. "ಬತ್ತೀವಿ ಬುಡಿ. ನೀವೂ ಇನ್ನೊಂದ್ ಸಲ ಬತ್ತೀರಲ್ಲ" ಎಂದು ಚಿಕ್ಕವ್ವ ಸೆರಗು ಬಾಯಿಗಿಟ್ಟುಕೊಂಡಳು. ಉಪಚಾರದ ಮಾತೆಂದು ಅದನ್ನು ಬಿಟ್ಟುಬಿಟ್ಟೆ. ಕಾರು ತಿರುಗಿಸುವಾಗ ಕನ್ನಡಿಯಲ್ಲಿ ನೋಡಿದೆ. ಚಿಕ್ಕವ್ವ ಬಾಗಿಲಲ್ಲೇ ನಿಂತು ಫೋನನ್ನು ಕಿವಿಗೆ ಹಿಡಿದಿದ್ದಳು.

ಯಾರಿಗೆ ಫೋನೆಂದು ಹೇಳಬೇಕಾಗಿಲ್ಲ. ನಮ್ಮ ನೆಂಟರಲ್ಲಿ ಸುದ್ದಿಗೆ ಸೆಲ್ ಬೇಡ, ಉಪಗ್ರಹವೂ ಬೇಡ. ನಾನು ಹಿಂದಕ್ಕೆ ಬಂದು ಚಾಮರಾಜನಗರ ದಾಟುವಷ್ಟರಲ್ಲಿ, ಚಂದಕವಾಡಿಗೆ ಮೊದಲು ಪತ್ರಿಕೆ ಸೇರಿದ ಸುದ್ದಿ ಭಾವನ ಜಮೀನಿಗೆ ತಲುಪಿರುತ್ತದೆ. ಬೆಳಿಗ್ಗೆ ನನಗೆ ಬರೀ ಲೆಕ್ಕವಾಗಿ ಕಂಡದ್ದು ಆಗ ಭಯವಾಗಿ ಕಂಡಿತು. ಊಟದ ಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕುಳಿತ ಭಾವ ಕಣ್ಣ ಮುಂದೆ ಬಂದರು. ತಲೆ ತಗ್ಗಿಸಿ ನಡೆದು ಬರುವ ಹುಡುಗಿಗೆ ಚೈತ್ರಳ ಮುಖ ಬಂತು. ಈಗ ಉಳಿದಿದ್ದ ದಾರಿ ಒಂದೇ, ಇವತ್ತೇ, ಬೆಳಕಿರುವಾಗಲೇ ಭಾವನ ಕೈಗೆ ಪತ್ರಿಕೆ ಮುಟ್ಟಿಸಿ ಕಾಲು ಹಿಡಿಯುವುದು. ಅದಕ್ಕೆ ಯಂತ್ರ ಬದುಕಿರಬೇಕು. ಪರದೆಯ ಮೂಲೆಯಲ್ಲಿ ಸೆಲ್ಲಿನ ಚಿತ್ರ ಆಗಲೇ ಅರ್ಧಕ್ಕೆ ಇಳಿದಿತ್ತು. ಸಹೋದ್ಯೋಗಿ ಬೆಟ್ಟವೊಂದನ್ನು ಹತ್ತಿಳಿದ ಸೆಲ್ಲನ್ನೇ ಒಳಗೆ ಬಿಟ್ಟಿದ್ದರೋ ಏನೋ. ಮಂಗಳ ಮುಖ ತಿರುಗಿಸಿ ಕಿಟಕಿಯಿಂದ ಹೊರಗೆ ನೋಡುತ್ತಿದ್ದಳು. ಅದು ಸಿಟ್ಟೆಂದು ನಾನು ತಿಳಿದೆ.

ಹಿಂದಿನವರಿಗೂ ಇಂಥದ್ದೇ ಕಷ್ಟಗಳಿದ್ದವು ಅನ್ನಿಸುತ್ತದೆ. ಗಾಡಿ ಕಟ್ಟಿ ಹೊರಟರೆ ಎತ್ತಿನ ತ್ರಾಣ ಎಲ್ಲಿಯವರೆಗೋ ಅಲ್ಲಿಯವರೆಗೆ ಪಯಣ. ಕೊರಳಗಂಟೆಯ ಸದ್ದು ನಿಧಾನವಾದರೆ ಮರದ ಕೆಳಗೆ ನೊಗ ಬಿಚ್ಚಿ, ನೀರು ತೋರಿಸಿ, ತಾವೂ ಬುತ್ತಿಗಂಟು ಬಿಚ್ಚುತ್ತಿದ್ದರು. ನಡೆದು ಹೋಗುವವರು ತಲೆಹೊರೆ ಇಳಿಸಲೆಂದು ಹಳೆಯ ದಾರಿಗಳ ಪಕ್ಕ ಎರಡು ಕಲ್ಲು ನೆಟ್ಟು, ಮೇಲೊಂದು ಕಲ್ಲು ಅಡ್ಡ ಮಲಗಿಸಿರುತ್ತಾರೆ. ಇನ್ನೊಬ್ಬರ ಸಹಾಯವಿಲ್ಲದೆ ಹೊರೆಯನ್ನು ಇಳಿಸಬಹುದು, ಮತ್ತೆ ತಲೆಗೇರಿಸಿಕೊಳ್ಳಬಹುದು. ಯಾವನೋ ಪುಣ್ಯಾತ್ಮ ಅವರಿವರ ಕತ್ತುನೋವನ್ನು ತನ್ನದೆಂದು ತಿಳಿದು ನಿಲ್ಲಿಸಿದ್ದು. ಆ ದಿನ ಅಂಥ ಕಲ್ಲೊಂದು ಕಂಡಿದ್ದರೆ ನಾನು ಕಾರು ನಿಲ್ಲಿಸಿ ಅದರ ಮೇಲೆ ತಲೆಯನ್ನೇ ಇಟ್ಟುಬಿಡುತ್ತಿದ್ದೆ. ಬೆನ್ನು ನೋಯುತ್ತಿತ್ತು, ಕಣ್ಣು ಉರಿಯುತ್ತಿತ್ತು, ಮಧ್ಯಾಹ್ನದ ಬಿಸಿಲು ಗಾಜಿನೊಳಗೆ ಬಂದು ತೊಡೆಯ ಮೇಲೆ ಕುಳಿತಿತ್ತು.

ತೆರಕಣಾಂಬಿ ತಲುಪುವಾಗ ಸೆಲ್ಲಿನ ಚಿತ್ರ ಮಿಣುಕುತ್ತಿತ್ತು. ಮಂಗಳ ಚೀಲ ಹಿಡಿದು ಒಳಗೆ ಹೋದಳು. ನಾನು ಅಂಗಡಿ ಹುಡುಕಿಕೊಂಡು ಹೋದೆ. ತೆರೆದಿದ್ದ ಒಂದೇ ಅಂಗಡಿಯಲ್ಲಿ ಇದ್ದದ್ದು ಟೀವಿ ರಿಮೋಟಿಗೆ ಹಾಕುವ ಸಣ್ಣ ಸೆಲ್ ಮಾತ್ರ. ಸಪ್ಪೆ ಮುಖ ಮಾಡಿಕೊಂಡು ಬಂದು ಅಂಗಳದಲ್ಲಿ ಕುಳಿತೆ. ಅತ್ತೆ ಊಟದ ತಟ್ಟೆ ತಂದವರು ನನ್ನ ಕಥೆಯನ್ನೆಲ್ಲ ಕೇಳಿ ಒಳಗೆ ಹೋದರು, ನಡುಮನೆಯ ಗೋಡೆ ಗಡಿಯಾರವನ್ನೂ ಅಡುಗೆಮನೆಯ ಗಡಿಯಾರವನ್ನೂ ಇಳಿಸಿ ತಂದು ನನ್ನ ಮುಂದಿಟ್ಟರು. "ತಕ್ಕಳಿ. ಎಲ್ಡ್ರಲ್ಲೂ ಒಂದೊಂದು ಸೆಲ್ಲದೆ."

"ಮನೇಲಿ ಹೊತ್ತು ಗೊತ್ತಾಗೋದು ಹೆಂಗೆ ಅತ್ತೆ?"

"ಹೊತ್ತ್ ಗೊತ್ತಾಗಿ ನಾನೇನ್ ರೈಲ್ ಹಿಡೀಬೇಕಾ? ನೀವೇ ಮತ್ತೆ ಬಂದು ಹಾಕಿ." ಇಲ್ಲಿಯೂ 'ಮತ್ತೆ ಬಂದು' ಎಂಬ ಮಾತು. ನಾನು ಎರಡು ಗಡಿಯಾರಗಳ ಉಸಿರು ನಿಲ್ಲಿಸುವ ಆತುರದಲ್ಲಿದ್ದೆ, ಕಿವಿಗೆ ಹಾಕಿಕೊಳ್ಳಲಿಲ್ಲ.

ಗಡಿಯಾರ ತೀರ ಕಡಿಮೆಯಲ್ಲಿ ಬದುಕುವ ಪ್ರಾಣಿ. ಮುದಿ ಸೆಲ್ಲೊಂದರಲ್ಲೂ ತಿಂಗಳುಗಟ್ಟಲೆ ಟಿಕ್ ಟಿಕ್ ಎನ್ನುತ್ತದೆ, ಅದಕ್ಕೆ ಬೇಕಾದದ್ದು ಗುಟುಕಿನಷ್ಟು. ನನ್ನ ಯಂತ್ರವಾದರೋ ಆಕಾಶಕ್ಕೂ ಭೂಮಿಗೂ ಸಂಬಂಧ ಕುದುರಿಸುವ ದೊಡ್ಡ ಗಿರಾಕಿ, ಕೊಳಗದಲ್ಲಿ ಕುಡಿಯುತ್ತದೆ. ಆದರೂ ಗಡಿಯಾರದ ಸೆಲ್ ಹಾಕಿದ ಕೂಡಲೇ ಪರದೆ ಜಗ್ಗನೆ ಬೆಳಗಿ, ಸೆಲ್ಲಿನ ಚಿತ್ರ ಮುಕ್ಕಾಲು ತುಂಬಿದ್ದನ್ನು ತೋರಿಸಿತು. ಆ ಧೈರ್ಯದಲ್ಲಿ ಗುಂಡ್ಲುಪೇಟೆಯ ಪೇಟೆಬೀದಿಯಲ್ಲಿ ಸಾಲು ಸಾಲು ಅಂಗಡಿಗಳು ತೆರೆದಿದ್ದರೂ ಹೊಸ ಸೆಲ್ ಕೊಳ್ಳಲಿಲ್ಲ. ಟೀ ಕುಡಿಯಲು ನಿಂತಾಗ ಕೇರಳದ ಕಾರಿನವನೊಬ್ಬ ನನ್ನ ಕೈಯ ಯಂತ್ರ ನೋಡಿ, ಅರಣ್ಯ ಇಲಾಖೆಯವನೆಂದೇ ತಿಳಿದು, "ಚೇಟ್ಟಾ, ಗೇಟ್ ಅಡಚ್ಚೋ?" ಎಂದು, ಗೇಟು ಮುಚ್ಚಿತೇ ಅಂತ ಮಲಯಾಳದಲ್ಲಿ ಕೇಳಿದ. ಕಾಡಿನ ಗೇಟು ರಾತ್ರಿಗೆ ಮುಚ್ಚುವ ಮುಂಚೆ ದಾಟಿಬಿಡಬೇಕೆಂಬ ಅವಸರ ಅವನಿಗೆ. ಇನ್ನೂ ಹೊತ್ತಿದೆ ಹೋಗಪ್ಪ ಎಂದು ಕೈಸನ್ನೆ ಮಾಡಿದೆ. ನನ್ನ ಪಾಲಿನ ಗೇಟು ಮುಚ್ಚಿದೆಯೋ ಇಲ್ಲವೋ ನನಗೇ ಗೊತ್ತಿರಲಿಲ್ಲ.

ಹೆದ್ದಾರಿ ಬಿಟ್ಟು ಒಳಗೆ ತಿರುಗಿದೆವು. ಒಂದು ಕಡೆ ಚೆಂಡುಹೂವಿನ ಹೊಲ, ಇನ್ನೊಂದು ಕಡೆ ಬಾಳೆ. ಮಣ್ಣಿನ ದಾರಿ ಎರಡಾಗಿ, ಆ ಎರಡೂ ಮತ್ತೆ ಕವಲೊಡೆದವು. ಬಾಣ ಎಡಕ್ಕೆ ಎಂದಿತು, ತಿರುಗಿದೆ. ಬಲಕ್ಕೆ ಎಂದಿತು, ತಿರುಗಿದೆ. ಆಮೇಲೆ ಏನೂ ಅನ್ನಲಿಲ್ಲ. ಪರದೆ ಕಪ್ಪಾಗಿತ್ತು. ಸೆಲ್ ತೆಗೆದು ಅಂಗೈಯಲ್ಲಿ ಉಜ್ಜಿ ಹಾಕಿದೆ, ಹಲ್ಲಲ್ಲಿ ಕಚ್ಚಿ ಹಾಕಿದೆ, ಒಂದನ್ನೊಂದು ಅದಲು ಬದಲು ಮಾಡಿ ಹಾಕಿದೆ. ಒಮ್ಮೆ ಮಿಣುಕಿ, ಕಂಪನಿಯ ಗುರುತನ್ನಷ್ಟೇ ತೋರಿಸಿ, ಅದು ತೀರಿಕೊಂಡಿತು. ಹೊತ್ತು ಇಳಿಯುತ್ತಿತ್ತು. ಸ್ಟಿಯರಿಂಗಿನ ಮೇಲೆ ಹಣೆಯಿಟ್ಟೆ. ನನಗೆ ನಿಜವಾಗಿಯೂ ಅಳು ಬಂತು.

ಮಂಗಳ ತನ್ನ ಫೋನು ತೆಗೆದಳು. ಅದೃಷ್ಟಕ್ಕೆ ಒಂದು ಗೆರೆ ಸಿಗ್ನಲ್ ಇತ್ತು. "ಅಣ್ಣ, ಹೂವಿನ ಹೊಲದ ತಾವ ನಿಂತ್ಬುಟ್ಟಿವಿ. ಎದುರ್ಗೆ ಒಂದ್ ನೀರಿನ ಟ್ಯಾಂಕದೆ."

"ಅಲ್ಲೇ ಇರವ್ವ, ಬತ್ತೀನಿ" ಎಂದದ್ದು ನನಗೂ ಕೇಳಿಸಿತು. ದನಿಯಲ್ಲಿ ಸಿಟ್ಟಿತ್ತೋ ಇಲ್ಲವೋ ತಿಳಿಯಲಿಲ್ಲ.

ಭಾವ ಬೈಕಿನಲ್ಲಿ ಬಂದರು. "ಹಿಂದ್ಗುಟ್ಟೇ ಬನ್ನಿ ಮೇಷ್ಟ್ರೆ" ಎಂದಷ್ಟೇ ಹೇಳಿ ಬೈಕು ತಿರುಗಿಸಿದರು. ಮನೆ ತಲುಪುವ ತನಕ ನಾನು ಅವರ ಬೆನ್ನನ್ನೇ ನೋಡಿಕೊಂಡು ಹೋದೆ. ದಾರಿಯಲ್ಲಿ ಎದುರು ಬಂದವರನ್ನು ಅವರು ಮಾತಾಡಿಸದಿದ್ದರೆ ಅದು ಸಿಟ್ಟು, ಮಾತಾಡಿಸಿದರೂ ಅದು ಸಿಟ್ಟೇ ಎಂದು ನನಗೆ ಕಾಣುತ್ತಿತ್ತು. ಕ್ಷಮೆ ಕೇಳುವ ಮಾತುಗಳನ್ನು ಬಾಯೊಳಗೇ ಜೋಡಿಸಿಕೊಂಡೆ.

ಈ ಸಲ ಯಂತ್ರ ಕಾರಿನಲ್ಲೇ ಉಳಿಯಿತು. ಬೆಳಗಿನಿಂದ ಮೊದಲ ಬಾರಿಗೆ ನಾನೊಂದು ಮನೆಯ ಹೊಸ್ತಿಲು ದಾಟಿದೆ. ಒಳಗೆಲ್ಲ ನೋವಿನೆಣ್ಣೆಯ ಘಾಟು. ಭಾವ ಒಂದು ಕಾಲನ್ನು ಮುಂದಕ್ಕೆ ಚಾಚಿ ಕುರ್ಚಿಯಲ್ಲಿ ಕುಳಿತರು. ನೀರು ತಂದ ಅತ್ತಿಗೆ, "ವಾಸನೆ ಅನ್ಕಬೇಡಿ. ನಿಶ್ಚಿತಾರ್ಥ ಆದಾಗ್ಲಿಂದ ದಿನಾ ಮಂಡಿಗೆ ಎಣ್ಣೆ ತಿಕ್ಕುಸ್ಕತಾವ್ರೆ. ಚೈತ್ರನ ಎತ್ಕಬೇಕಲ್ಲ ಅಂತ. ಮೊನ್ನೆ ಯಾರೂ ಇಲ್ದಾಗ ರಾಗಿ ಮೂಟೆ ಎತ್ತಿ ನೋಡವ್ರೆ" ಎಂದರು.

"ಸುಮ್ಕಿರು" ಎಂದು ಭಾವ ನಾಚಿಕೊಂಡು ಪಂಚೆಯನ್ನು ಮಂಡಿಯ ಮೇಲೆ ಎಳೆದುಕೊಂಡರು.

ನನಗೆ ತಡೆಯಲಾಗಲಿಲ್ಲ. ಈ ಮನುಷ್ಯ ರಾಗಿ ಮೂಟೆ ಎತ್ತಿ ಅಭ್ಯಾಸ ಮಾಡುತ್ತಿದ್ದಾಗ ನಾನು ಇವರನ್ನು ಸುತ್ತಿನ ಕೊನೆಗೆ ಹಾಕಿದ್ದೆ. "ಭಾವ, ನನ್ನಿಂದ ಒಂದು ತಪ್ಪಾಗಿಹೋಗಿದೆ" ಎಂದು ಎದ್ದು ನಿಂತೆ. ಚಂದಕವಾಡಿಗೂ ತೆರಕಣಾಂಬಿಗೂ ಮೊದಲು ಕೊಟ್ಟುಬಿಟ್ಟೆವು, ಮಂಗಳ ಬೇಡ ಅಂದಳು, ನಾನೇ ಕೇಳಲಿಲ್ಲ, ಹತ್ತಿರ ದೂರ ಅಂತ ಯಂತ್ರ ಹೇಳಿತು, ನೀವು ಏನು ಬೇಕಾದರೂ ಬೈಯಿರಿ, ಮದುವೆಯ ದಿನ ಮಾತ್ರ ಕೈ ಬಿಡಬೇಡಿ. ಒಂದೇ ಉಸಿರಿಗೆ ಎಲ್ಲ ಹೇಳಿದೆ.

ಭಾವ ತಂಗಿಯ ಮುಖ ನೋಡಿದರು. ತಂಗಿ ನನ್ನ ಮುಖ ನೋಡಿದಳು. ಆಮೇಲೆ ಚೀಲಕ್ಕೆ ಕೈ ಹಾಕಿ ಪತ್ರಿಕೆಯ ಕಟ್ಟನ್ನು ಹೊರಗೆ ತೆಗೆದಿಟ್ಟಳು. ಹಿಂದಿನ ವಾರ ದೇವರ ಮುಂದಿಟ್ಟು ಪೂಜೆ ಮಾಡಿ ನಾನೇ ಸುತ್ತಿದ್ದ ಅರಿಶಿನದ ದಾರ ಹಾಗೆಯೇ ಇತ್ತು. ಗಂಟನ್ನೂ ಬಿಚ್ಚಿರಲಿಲ್ಲ.

"ಬೆಳಿಗ್ಗೆನೇ ಚಿಕ್ಕವ್ವ ಫೋನ್ ಮಾಡಿದ್ಲು" ಎಂದು ಭಾವ ನಗಲು ಶುರುಮಾಡಿದರು. "'ನಿನ್ ತಂಗಿ ಬಂದು ಪತ್ರಿಕೆ ಕೊಡ್ದೆ ಸುಮ್ನೆ ಉಪ್ಪಿಟ್ ತಿನ್ಕಂಡ್ ಹೋದ್ಲು ಕಣ್ಲಾ, ಅಣ್ಣಂಗೆ ಕೊಡಗಂಟ ಯಾರ್ಗೂ ಇಲ್ವಂತೆ' ಅಂದ್ಲು. ಮೇಷ್ಟ್ರಿಗೆ ಹೇಳ್ಬ್ಯಾಡ, ಅವ್ರು ಅಂಗಳದಲ್ಲಿ ಆಕಾಸ ಕಾಯ್ತಿದ್ರು ಅಂತಾನೂ ಅಂದ್ಲು." ಅತ್ತಿಗೆ ಅಡುಗೆಮನೆಯ ಬಾಗಿಲು ಹಿಡಿದುಕೊಂಡು ನಕ್ಕರು. ಕೊನೆಗೆ ನಾನೂ ನಕ್ಕೆ, ಕಣ್ಣು ಒರೆಸಿಕೊಂಡದ್ದು ನಗುವಿನಿಂದಲೇ ಎಂದು ಎಲ್ಲರೂ ತಿಳಿದುಕೊಂಡರು.

ಮಂಗಳ ದಾರ ಬಿಚ್ಚಿ, ಅಣ್ಣನಿಗೂ ಅತ್ತಿಗೆಗೂ ಕುಂಕುಮ ಕೊಟ್ಟು, ಮೇಲಿನ ಪತ್ರಿಕೆಯನ್ನು ಎತ್ತಿಕೊಟ್ಟಳು. ಭಾವ ಅದನ್ನು ಕಣ್ಣಿಗೊತ್ತಿಕೊಂಡರು. ನಾನು ಪಕ್ಕದಲ್ಲೇ ನಿಂತಿದ್ದೆ. ಕೈ ಮುಗಿದೆ.

ಆ ರಾತ್ರಿ ಭಾವ ನಮ್ಮನ್ನು ಬಿಡಲಿಲ್ಲ. ಮಾರನೆಯ ಬೆಳಿಗ್ಗೆ ಕಾಲೇಜಿನ ಹೊತ್ತಿಗೆ ಊರು ಸೇರಬೇಕೆಂದು ಹೊರಟಾಗ, ಸತ್ತ ಯಂತ್ರವನ್ನು ಹಿಂದಿನ ಸೀಟಿಗೆ ಎಸೆದು ಮಂಗಳಳನ್ನು ಕೇಳಿದೆ. ದಿನವಿಡೀ ಆ ಬಿಸಿಲಲ್ಲಿ ನನ್ನನ್ನು ಹೆದರಿಸಿ ಸುತ್ತಿಸಿದೆಯಲ್ಲ, ಪತ್ರಿಕೆ ಕೊಟ್ಟಿಲ್ಲ ಅಂತ ಒಂದು ಮಾತು ಹೇಳಬಾರದಿತ್ತೇ?

"ಬೇಡ ಅಂತ ಬೆಳಿಗ್ಗೆನೇ ಹೇಳಿದ್ನಲ್ಲ, ನೀವು ಕೇಳ್ದ್ರಾ?" ಎಂದಳು. ಸ್ವಲ್ಪ ದೂರ ಹೋದ ಮೇಲೆ ಮೆಲ್ಲಗೆ ಸೇರಿಸಿದಳು: "ಒಂದ್ ಮನೇಲಾದ್ರೂ ಒಳಕ್ಕೆ ಬಂದಿದ್ರೆ ನಿಮ್ಗೇ ಗೊತ್ತಾಗ್ತಿತ್ತು."

ಬರುವ ಭಾನುವಾರ ಮತ್ತೆ ಅದೇ ಸುತ್ತು. ದಾರಿ ತೋರಿಸಲು ಈ ಸಲ ಭಾವನೂ ಬಂದು ಮುಂದಿನ ಸೀಟಿನಲ್ಲಿ ಕೂರುತ್ತಾರಂತೆ, ಮಂಡಿ ಚಾಚಲು ಅಲ್ಲೇ ಅನುಕೂಲ. ನೆನೆಸಿಕೊಂಡರೇ ಸೊಂಟ ನೋಯುತ್ತದೆ. ಯಂತ್ರವನ್ನು ಸಹೋದ್ಯೋಗಿಗೆ ಹಿಂತಿರುಗಿಸಿದ್ದೇನೆ, ಸೆಲ್ ಹೇಗೆ ಬಂತು ಸಾರ್ ಎಂದು ಕೇಳಿದರು, ಧಾರಾಳವಾಗಿ ಬಂತು ಎಂದೆ. ನಿನ್ನೆ ಪೇಟೆಯಲ್ಲಿ ಎರಡು ಹೊಸ ಪೆನ್ಸಿಲ್ ಸೆಲ್ ಕೊಂಡು ಜೇಬಿನಲ್ಲಿ ಇಟ್ಟುಕೊಂಡಿದ್ದೇನೆ, ತೆರಕಣಾಂಬಿಯ ಅತ್ತೆಯ ಗಡಿಯಾರಗಳಿಗೆ. ನಾವು ಹೋಗುವ ತನಕ ಅವು ನಿಂತೇ ಇರಲಿ ಎಂದಿದ್ದಾರಂತೆ ಅತ್ತೆ. ಒಂದು ನಡುಮನೆಯದು, ಇನ್ನೊಂದು ಅಡುಗೆಮನೆಯದು. ಅವನ್ನು ಗೋಡೆಗೆ ಹಾಕಬೇಕಾದರೆ ನಾನು ಒಳಗೆ ಹೋಗಲೇಬೇಕು.